ಊರಿಗೊಂದು ಸೃಷ್ಟಿಕಥೆ: ಪ್ರಾಚೀನ ಈಜಿಪ್ಟಿನ ಕಥೆಯನ್ನು ಮಕ್ಕಳಿಗೆ ಹೇಳುವುದು ಹೇಗೆ?

ಪ್ರಶ್ನೆ: ನಾನು ಐದು ಮತ್ತು ಆರನೇ ತರಗತಿಯ ಮಕ್ಕಳಿಗೆ ಪ್ರಾಚೀನ ಈಜಿಪ್ಟಿನ ಸೃಷ್ಟಿಕಥೆ ಹೇಳಬೇಕಾಗಿದೆ. ವಾರಕ್ಕೊಂದರಂತೆ 40 ನಿಮಿಷದ ನಾಲ್ಕು ಪೀರಿಯಡ್ ಸಿಕ್ಕಿದೆ. ಲೋಕ ಸೃಷ್ಟಿಸಿದವನು ಆತುಮ್ ಎಂದು ಒಂದು ಪುಸ್ತಕ ಹೇಳುತ್ತದೆ, ಪ್ತಾಹ್ ಎಂದು ಇನ್ನೊಂದು. ಮತ್ತೊಂದರಲ್ಲಿ ಕಪ್ಪೆ ತಲೆಯ, ಹಾವಿನ ತಲೆಯ ಎಂಟು ದೇವತೆಗಳಿದ್ದಾರೆ. ಯಾವುದು ಸರಿ? ಆತುಮ್ ಒಬ್ಬನೇ ಮಕ್ಕಳನ್ನು ಪಡೆದದ್ದು, ಅಣ್ಣ-ತಂಗಿಯರೇ ಗಂಡ-ಹೆಂಡಿರಾದದ್ದು, ಇದನ್ನೆಲ್ಲ ಚಿಕ್ಕ ಮಕ್ಕಳ ಮುಂದೆ ಹೇಗೆ ಹೇಳುವುದು? "ಇದು ನಮ್ಮ ಬ್ರಹ್ಮನ ಕಥೆ ಥರಾನೇ ಇದೆಯಲ್ಲ ಮಿಸ್" ಅಂದರೆ ಏನು ಉತ್ತರ ಕೊಡಲಿ?

ಉತ್ತರ: ಮೂರೂ ಸರಿ. ಈಜಿಪ್ಟಿನವರ ಬಳಿ ಸೃಷ್ಟಿಗೆಂದೇ ಮೀಸಲಾದ ಒಂದು ಗ್ರಂಥ ಇರಲಿಲ್ಲ. ನಮಗೆ ಸಿಕ್ಕಿರುವುದು ಪಿರಮಿಡ್ಡಿನ ಒಳಗೋಡೆಗಳ ಮೇಲೆ, ಶವಪೆಟ್ಟಿಗೆಯ ಹಲಗೆಗಳ ಮೇಲೆ, ಪಪೈರಸ್ ಸುರುಳಿಗಳಲ್ಲಿ, ದೇವಸ್ಥಾನದ ಕಂಬಗಳಲ್ಲಿ ಚದುರಿ ಹೋಗಿರುವ ತುಣುಕುಗಳು. ಅವುಗಳಲ್ಲಿ ಅತಿ ಹಳೆಯವು ಸಕ್ಕಾರಾದಲ್ಲಿರುವ ದೊರೆ ಉನಾಸನ ಪಿರಮಿಡ್ಡಿನಿಂದ, ಅಂದರೆ ಸುಮಾರು ಕ್ರಿ.ಪೂ. 2350ರಿಂದ ಶುರುವಾಗುವ ಪಿರಮಿಡ್ ಪಠ್ಯಗಳು. ಕೊನೆಕೊನೆಯವು ರೋಮನ್ನರ ಆಳ್ವಿಕೆಯ ಕಾಲದಲ್ಲಿ ಎಸ್ನಾ ದೇವಸ್ಥಾನದ ಮೇಲೆ ಕೆತ್ತಿದವು. ನಡುವೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಅಂತರವಿದೆ. ಇಷ್ಟು ಕಾಲ ಒಂದೊಂದು ದೊಡ್ಡ ಊರಿನ ದೇವಸ್ಥಾನವೂ ತನ್ನ ದೇವರನ್ನು ಮುಂದಿಟ್ಟುಕೊಂಡು ಕಥೆ ಹೇಳಿತು. ಹಾಗೆಂದು ಪಕ್ಕದ ಊರಿನ ಕಥೆಯನ್ನು ಸುಳ್ಳು ಅನ್ನಲಿಲ್ಲ. ಮೆಂಫಿಸಿನ ಪ್ತಾಹ್‌ನ ಕಥೆಯಲ್ಲೇ ಹೀಲಿಯೊಪೊಲಿಸಿನ ಆತುಮ್ ಬರುತ್ತಾನೆ. ಅವನ ಒಂಬತ್ತು ದೇವತೆಗಳು ಪ್ತಾಹ್‌ನ ಬಾಯಿಯ ಹಲ್ಲು ಮತ್ತು ತುಟಿಗಳೆಂದು ಅಲ್ಲಿ ಹೇಳಿದೆ.

ಮಕ್ಕಳ ಪುಸ್ತಕಗಳು ಎಡವುವುದು ಇಲ್ಲೇ. ಮೊದಲು ಎಂಟು ಕಪ್ಪೆ-ಹಾವು, ಆಮೇಲೆ ಮೊಟ್ಟೆ, ಆಮೇಲೆ ಹೂವು, ಅದರಿಂದ ಆತುಮ್, ಕೊನೆಗೆ ಪ್ತಾಹ್ ಎಂದು ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿಬಿಡುತ್ತವೆ. ಅಂಥ ಕಥೆಯನ್ನು ಯಾವ ಈಜಿಪ್ಟಿನವನೂ ಕೇಳಿರಲಿಲ್ಲ, ಮಕ್ಕಳಿಗೂ ಅದು ತಲೆಯಲ್ಲಿ ನಿಲ್ಲುವುದಿಲ್ಲ. ನೀವು ಹೀಲಿಯೊಪೊಲಿಸಿನ ಕಥೆಯೊಂದನ್ನೇ ಎರಡು ಪೀರಿಯಡ್ ತೆಗೆದುಕೊಂಡು ಪೂರ್ತಿಯಾಗಿ ಹೇಳಿ. ಮೂರನೆಯದರಲ್ಲಿ "ಬೇರೆ ಊರಿನವರು ಹೀಗೆ ಹೇಳುತ್ತಿದ್ದರು" ಎಂದು ಉಳಿದವನ್ನು ತನ್ನಿ. ಹೋಲಿಕೆ ನಾಲ್ಕನೆಯದಕ್ಕಿರಲಿ. ಗೋಡೆಯ ಮೇಲೆ ಈಜಿಪ್ಟಿನ ನಕಾಶೆ ಹಾಕಿ, ಕಥೆ ಹೇಳಿದ ಊರಿಗೆಲ್ಲ ಒಂದೊಂದು ಪಿನ್ನು ಚುಚ್ಚಿ. ಹೀಲಿಯೊಪೊಲಿಸ್ ಈಗಿನ ಕೈರೋದ ಮತಾರಿಯಾ ಭಾಗದಲ್ಲಿತ್ತು, ಮೆಂಫಿಸ್ ಅಲ್ಲಿಂದ ದಕ್ಷಿಣಕ್ಕೆ, ಹರ್ಮೊಪೊಲಿಸ್ ಇನ್ನೂ ದಕ್ಷಿಣಕ್ಕೆ, ಎಸ್ನಾ ಅದಕ್ಕೂ ಬಹಳ ಕೆಳಗೆ. ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ ಎಂಬುದನ್ನು ಬಾಣ ಬರೆದು ತೋರಿಸಿ. ಇಲ್ಲದಿದ್ದರೆ ನಕಾಶೆ ನೋಡಿದ ಮಕ್ಕಳು ನೀರು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ ಎಂದೇ ತಿಳಿಯುತ್ತಾರೆ.

ಮೊದಲ ದಿನ ದೇವರ ಹೆಸರು ಎತ್ತುವ ಮೊದಲು ನದಿಯನ್ನು ತೋರಿಸಬೇಕು. ಇಡೀ ಕಥೆ ನಿಂತಿರುವುದು ನೆರೆಯ ಮೇಲೆ. ಇಥಿಯೋಪಿಯಾದ ಎತ್ತರದ ನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಅಂದರೆ ನಮ್ಮ ಮುಂಗಾರಿನ ತಿಂಗಳುಗಳಲ್ಲೇ, ಸುರಿಯುವ ಮಳೆ ನೈಲ್‌ನಲ್ಲಿ ಇಳಿದು ಬರುತ್ತಿತ್ತು. ಕೈರೋದಲ್ಲಿ ವರ್ಷಕ್ಕೆ ಬೀಳುವ ಮಳೆ 25 ಮಿಲಿಮೀಟರ್ ಆಸುಪಾಸು. ಹಾಗಾಗಿ ಬೇಸಾಯಕ್ಕೆ ಗತಿ ಆ ನೆರೆಯೇ. ಹೊಲಗಳೆಲ್ಲ ಮುಳುಗಿ, ಅಕ್ಟೋಬರ್ ಹೊತ್ತಿಗೆ ನೀರು ಇಳಿಯತೊಡಗಿದಾಗ ಮೊದಲು ಕಾಣಿಸುತ್ತಿದ್ದದ್ದು ಅಲ್ಲಲ್ಲಿ ತಲೆ ಎತ್ತುವ ಕಪ್ಪು ಮಣ್ಣಿನ ದಿಬ್ಬಗಳು. 1970ರಲ್ಲಿ ಅಸ್ವಾನ್ ಹೈ ಡ್ಯಾಂ ಪೂರ್ತಿಯಾದ ಮೇಲೆ ಈ ನೋಟ ಇಲ್ಲವಾಯಿತು. ನಿಮ್ಮ ಮಕ್ಕಳು, ಅದರಲ್ಲೂ 2019ರ ಕೃಷ್ಣಾ, ಮಲಪ್ರಭಾ ಪ್ರವಾಹದ ಸುದ್ದಿಯನ್ನು ಮನೆಯಲ್ಲಿ ಕೇಳಿದವರು, ನೆರೆ ಅಂದರೆ ಹಾಳು ಎಂದೇ ಭಾವಿಸುತ್ತಾರೆ. ಆದ್ದರಿಂದ ಪ್ರವಾಹದ ವಿಡಿಯೋ ತೋರಿಸಬೇಡಿ. ಅತಿಯಾದ ನೆರೆ ಅಲ್ಲಿಯೂ ಮನೆ ಕೆಡವುತ್ತಿತ್ತು, ಕಡಿಮೆ ನೆರೆ ಬರ ತರುತ್ತಿತ್ತು, ಹದವಾದ ನೆರೆ ಬಂದರೆ ಆ ವರ್ಷ ಅನ್ನವಿತ್ತು ಎಂದು ಹೇಳಿ.

ಇದನ್ನು ಟ್ರೇ ಒಂದರಲ್ಲಿ ಮಾಡಿ ತೋರಿಸಬಹುದು. 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 6 ಸೆಂ.ಮೀ. ಆಳದ ಪ್ಲಾಸ್ಟಿಕ್ ಟ್ರೇ ತೆಗೆದುಕೊಳ್ಳಿ. ನಡುವೆ ಅರ್ಧ ಕೆ.ಜಿ. ಜೇಡಿಮಣ್ಣಿನಿಂದ ಬುಡ 15 ಸೆಂ.ಮೀ., ಎತ್ತರ 3 ಸೆಂ.ಮೀ. ಇರುವ ದಿಬ್ಬ ಒತ್ತಿ, ಒಂದು ರಾತ್ರಿ ಬಿಗಿಯಾಗಲು ಬಿಡಿ. ಹಸಿ ಮಣ್ಣಿಗೆ ಕೂಡಲೇ ನೀರು ಹಾಕಿದರೆ ಕರಗುತ್ತದೆ, ಬರೀ ಮರಳಾದರೆ ಕುಸಿಯುತ್ತದೆ, ಪೂರ್ತಿ ಒಣಗಿದ ಮಣ್ಣಾದರೆ ನೀರು ಕುಡಿದು ಪುಡಿಪುಡಿಯಾಗುತ್ತದೆ. ತರಗತಿ ಶುರುವಾಗುವ ಮೊದಲೇ 4 ಸೆಂ.ಮೀ. ನೀರು ನಿಲ್ಲಿಸಿ, ಅದಕ್ಕೆ ಐದು ಲೀಟರಿಗೆ ಸ್ವಲ್ಪ ಕಡಿಮೆ ಸಾಕು. ನೀರಿಗೆ ಒಂದು ಹಿಡಿ ಕೆಮ್ಮಣ್ಣು ಕದಡಿದರೆ ಒಳಗಿನ ದಿಬ್ಬ ಕಾಣುವುದಿಲ್ಲ. ಈ ಹಂತ ಬಿಟ್ಟರೆ ಇಡೀ ಆಟ ವ್ಯರ್ಥ, ಏಕೆಂದರೆ ಮಕ್ಕಳಿಗೆ ದಿಬ್ಬ ಇರುವುದು ಮೊದಲೇ ಗೊತ್ತಾಗಬಾರದು. ಟ್ರೇಯನ್ನು ಮೇಜಿನ ಮೇಲಿಟ್ಟು, ಅಕ್ವೇರಿಯಂಗೆ ಬಳಸುವ ತೆಳು ಪೈಪಿನಲ್ಲಿ ನೀರು ತುಂಬಿಸಿಕೊಂಡು, ಒಂದು ತುದಿಯನ್ನು ಟ್ರೇಯ ಮೂಲೆಯಲ್ಲೂ ಇನ್ನೊಂದನ್ನು ನೆಲದ ಬಕೆಟ್ಟಿನಲ್ಲೂ ಬಿಡಿ. ಟ್ರೇ ಬಾಗಿಸಿ ನೀರು ಚೆಲ್ಲಿದರೆ ದಿಬ್ಬದ ಒಂದು ಪಕ್ಕ ಕೊಚ್ಚಿಹೋಗುತ್ತದೆ. ನೀರು ಸದ್ದಿಲ್ಲದೆ ಇಳಿಯುವ ಆ ಕೆಲವು ನಿಮಿಷಗಳೇ ನಿಮ್ಮ ಕಥೆಯ ಹೊತ್ತು.

ಮಾತು ಹೀಗಿರಲಿ: "ಆಗ ಆಕಾಶ ಇರಲಿಲ್ಲ, ಭೂಮಿ ಇರಲಿಲ್ಲ. ಎರಡು ಅನ್ನುವುದೇ ಇನ್ನೂ ಹುಟ್ಟಿರಲಿಲ್ಲ. ಇದ್ದದ್ದು ನೀರು. ದಡವಿಲ್ಲದ, ತಳವಿಲ್ಲದ, ಕತ್ತಲ ನೀರು. ಅದರ ಹೆಸರು ನುನ್. ಆ ನೀರಿನೊಳಗೆ ಆತುಮ್ ಒಬ್ಬನೇ ಇದ್ದ. ಅವನಿಗೆ ನಿಲ್ಲಲು ಜಾಗ ಇರಲಿಲ್ಲ." ಇಲ್ಲಿ ನಿಲ್ಲಿಸಿ, ದಿಬ್ಬದ ತುದಿ ಕಾಣುವವರೆಗೆ ಸುಮ್ಮನಿರಿ. "ಎರಡು ಹುಟ್ಟುವ ಮೊದಲು" ಎನ್ನುವುದು ಶವಪೆಟ್ಟಿಗೆಯ ಪಠ್ಯಗಳಲ್ಲೇ ಇರುವ ಮಾತು. ಐದನೇ ತರಗತಿಯ ಮಕ್ಕಳನ್ನು ಅದು ಎಷ್ಟು ಹೊತ್ತು ಯೋಚನೆಗೆ ಹಚ್ಚುತ್ತದೆ ಎಂದು ನೀವೇ ನೋಡುವಿರಿ. ತುದಿ ಕಂಡ ಮೇಲೆ, ಹೀಲಿಯೊಪೊಲಿಸಿನಲ್ಲಿ ಆ ಮೊದಲ ದಿಬ್ಬದ ನೆನಪಿಗೆ ಬೆನ್‌ಬೆನ್ ಎಂಬ ಕಲ್ಲನ್ನು ಪೂಜಿಸುತ್ತಿದ್ದರು ಎಂದು ಹೇಳಬಹುದು. ಪಿರಮಿಡ್ಡಿನ ಚೂಪು ಆಕಾರಕ್ಕೂ ಅದಕ್ಕೂ ನಂಟಿದೆ ಎಂದು ವಿದ್ವಾಂಸರು ನಂಬುತ್ತಾರೆ. ರಾತ್ರಿ ನೆನೆಸಿದ ಮೆಂತ್ಯವನ್ನು ದಿಬ್ಬದ ಮೇಲಿನ ಮಣ್ಣನ್ನು ಸ್ವಲ್ಪ ಕೆದಕಿ ಉದುರಿಸಿ ತೇವ ಕಾಪಾಡಿದರೆ, ಮೂರ್ನಾಲ್ಕು ದಿನದಲ್ಲಿ ದಿಬ್ಬ ಹಸಿರಾಗುತ್ತದೆ. ತುತನ್‌ಖಾಮುನ್‌ನ ಸಮಾಧಿಯಲ್ಲಿ ಒಸಿರಿಸ್ ದೇವರ ಆಕಾರದ ಮರದ ಚೌಕಟ್ಟಿಗೆ ಮಣ್ಣು ತುಂಬಿ ಮೊಳಕೆ ಬರಿಸಿದ್ದು ಸಿಕ್ಕಿದೆ. ಆ ಮಾತು ಹೇಳಲು ಮುಂದಿನ ವಾರ ಇದು ಒಳ್ಳೆಯ ನೆಪ.

ಈಗ ನಿಮ್ಮ ಮುಜುಗರದ ಪ್ರಶ್ನೆ. ಆತುಮ್ ತನ್ನ ಮೊದಲ ಇಬ್ಬರು ಮಕ್ಕಳಾದ ಶು (ಗಾಳಿ) ಮತ್ತು ತೆಫ್ನುತ್‌ರನ್ನು ಪಡೆದ ಬಗೆಯನ್ನು ಪಿರಮಿಡ್ ಪಠ್ಯಗಳೇ ಎರಡು ರೀತಿ ಹೇಳುತ್ತವೆ. ಒಂದು ಕಡೆ ತನ್ನ ಕೈಯಿಂದ ತಾನೇ ವೀರ್ಯ ಹೊರತಂದ ಎಂದಿದೆ, ಇನ್ನೊಂದು ಕಡೆ ಉಗುಳಿದ ಎಂದಿದೆ. ನೀವು ಎರಡನೆಯದನ್ನು ಹೇಳಿ. ಅದು ಮಕ್ಕಳಿಗೆಂದು ಮೆದುಗೊಳಿಸಿದ ಕಥೆಯಲ್ಲ, ಅಷ್ಟೇ ಹಳೆಯ, ಅಷ್ಟೇ ಅಧಿಕೃತವಾದ ಪಾಠ. "ಒಂದು ಸಲ ಜೋರಾಗಿ ಉಸಿರು ಬಿಟ್ಟ, ಶು ಬಂದ. ಉಗುಳಿದ, ತೆಫ್ನುತ್ ಬಂದಳು" ಅಂದರೆ ಮಕ್ಕಳು ನಗುತ್ತಾರೆ, ನಗಲಿ. ತೆಫ್ನುತ್ ಏನು ಎಂದು ಕೇಳಿದರೆ ತೇವ ಎನ್ನುವುದು ವಾಡಿಕೆಯ ಉತ್ತರ. ಶು ಗಾಳಿ ಎಂಬುದಕ್ಕೆ ಇರುವಷ್ಟು ಗಟ್ಟಿ ಆಧಾರ ಅದಕ್ಕಿಲ್ಲವಾದ್ದರಿಂದ ಒತ್ತಿ ಹೇಳಬೇಡಿ. ಹೈಸ್ಕೂಲಿನ ಮಕ್ಕಳಿಗೆ ಇನ್ನೊಂದು ಪಾಠವೂ ಇದೆ ಎಂದು ನೇರವಾಗಿ ಹೇಳಬಹುದು, ಮುಚ್ಚಿಡಬೇಕಾಗಿಲ್ಲ.

ಅಣ್ಣ-ತಂಗಿಯರ ವಿಷಯಕ್ಕೆ "ಮದುವೆ" ಎಂಬ ಮಾತನ್ನೇ ತರಬೇಡಿ. ಗಾಳಿ ಮತ್ತು ತೇವ ಒಂದು ಜೋಡಿ, ಅವರಿಂದ ಭೂಮಿ ಮತ್ತು ಆಕಾಶ ಎಂಬ ಜೋಡಿ. ಒಂದು ಎರಡಾಗಿ, ಎರಡು ನಾಲ್ಕಾಗುವುದೇ ಕಥೆಯ ನಡಿಗೆ. ಮಗುವೇ ಕೇಳಿತೆನ್ನಿ, "ಆಗ ಲೋಕದಲ್ಲಿ ಬೇರೆ ಮನೆಯೇ ಇರಲಿಲ್ಲವಲ್ಲ" ಎಂಬ ಉತ್ತರ ಸಾಕಾಗುತ್ತದೆ, ಮತ್ತು ಅದು ನಿಜವಾದ ಉತ್ತರವೂ ಹೌದು.

ಎರಡನೇ ವಾರದ ದೊಡ್ಡ ತೊಡಕು ಹೆಸರುಗಳದು. ನುನ್ ಅಂದರೆ ಆದಿಯ ನೀರು, ನುತ್ ಅಂದರೆ ಆಕಾಶ. ಕನ್ನಡದ ಕಿವಿಗೆ ಇವೆರಡೂ ಒಂದೇ ಥರ ಕೇಳಿಸುತ್ತವೆ, ಒಂದೇ ದಿನ ಕಲಿಸಿದರೆ ಖಂಡಿತ ಅದಲುಬದಲಾಗುತ್ತವೆ. ನುನ್‌ಗೆ ಮೂರು ಅಂಕುಡೊಂಕು ಗೆರೆಯ ಕಪ್ಪು ಕಾರ್ಡು, ನುತ್‌ಗೆ ಐದು ಮೂಲೆಯ ಹಳದಿ ನಕ್ಷತ್ರಗಳಿರುವ ನೀಲಿ ಕಾರ್ಡು ಮಾಡಿ, ಹೆಸರು ಹೇಳುವಾಗಲೆಲ್ಲ ಎತ್ತಿ ತೋರಿಸಿ. ಇನ್ನೊಂದು ತೊಡಕು, ಈಜಿಪ್ಟಿನಲ್ಲಿ ಭೂಮಿ ಗಂಡು, ಅವನ ಹೆಸರು ಗೆಬ್; ಆಕಾಶ ಹೆಣ್ಣು. ಭೂಮಿತಾಯಿ ಎಂದು ಕೇಳಿ ಬೆಳೆದ ಮಕ್ಕಳು ನೀವು "ಗೆಬ್ ಮಲಗಿದ್ದ" ಎಂದರೂ ತಿರುಗಿ ಹೇಳುವಾಗ "ಮಲಗಿದ್ದಳು" ಅನ್ನುತ್ತಾರೆ. ತಿದ್ದುವುದಕ್ಕಿಂತ ಮೊದಲೇ "ನಮ್ಮಲ್ಲಿ ಭೂಮಿ ಯಾರು? ಅವರಲ್ಲಿ ಯಾರು?" ಎಂದು ಕೇಳಿಬಿಟ್ಟರೆ ನೆನಪಿನಲ್ಲಿ ಉಳಿಯುತ್ತದೆ.

ಭೂಮಿ-ಆಕಾಶ ಬೇರೆಯಾಗುವ ಭಾಗವನ್ನು ಓದಿ ಹೇಳಬೇಡಿ, ಆಡಿಸಿ. ಗೆಬ್ ಮತ್ತು ನುತ್ ಅಂಟಿಕೊಂಡೇ ಇದ್ದರು, ನಡುವೆ ಏನೂ ಬೆಳೆಯಲು ಜಾಗವಿರಲಿಲ್ಲ, ಶು ನಡುವೆ ನಿಂತು ನುತ್‌ಳನ್ನು ಎತ್ತಿ ಹಿಡಿದ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಸುಮಾರು ಕ್ರಿ.ಪೂ. 950ರ ಗ್ರೀನ್‌ಫೀಲ್ಡ್ ಪಪೈರಸ್‌ನಲ್ಲಿ ಈ ಚಿತ್ರವಿದೆ. ನುತ್ ಕೈಬೆರಳು, ಕಾಲ್ಬೆರಳು ನೆಲಕ್ಕೆ ಊರಿ ಕಮಾನಿನಂತೆ ಬಾಗಿದ್ದಾಳೆ. ಒಂದು ಮಗುವನ್ನೇ ಹಾಗೆ ಬಾಗಿಸಿ ನಿಲ್ಲಿಸುವ ಆಸೆಯಾಗುತ್ತದೆ, ಆದರೆ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಲಾಗದೆ ಕೆಳಗೆ ಮಲಗಿದ ಮಗುವಿನ ಮೇಲೆ ಬೀಳುತ್ತದೆ. ಬದಲಿಗೆ ಹಳೆಯ ನೀಲಿ ಸೀರೆಯೊಂದನ್ನು ತನ್ನಿ. ಐದೂವರೆ ಮೀಟರಿನ ಸೀರೆಗೆ ಹಳದಿ ಕಾಗದದ ನಕ್ಷತ್ರ ಅಂಟಿಸಿ, ಎರಡೂ ಅಂಚಿನಲ್ಲಿ ಮೂವರಂತೆ ಆರು ಮಕ್ಕಳು ಹಿಡಿದು ಮೊದಲು ಚಾಪೆಯ ಮೇಲೆ ಹಾಸಲಿ. ಚಾಪೆ ಗೆಬ್, ಸೀರೆ ನುತ್. ಶು ಆದ ಮಗು ನಡುವೆ ನುಸುಳಿ ಎರಡೂ ಕೈ ಎತ್ತಿದಾಗ ಸೀರೆ ಮೇಲೇರಲಿ. ಸೀರೆಯ ಒಂದು ತುದಿಗೆ ಮುಖದ ಚಿತ್ರ, ಇನ್ನೊಂದು ತುದಿಗೆ ಕಾಲಿನ ಚಿತ್ರ ಇರಬೇಕು. ಮುಖ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ನುತ್ ಸಂಜೆ ಸೂರ್ಯನನ್ನು ನುಂಗುತ್ತಾಳೆ, ರಾತ್ರಿಯಿಡೀ ಅವನು ಅವಳ ಮೈಯೊಳಗೆ ಸಾಗುತ್ತಾನೆ, ಬೆಳಗ್ಗೆ ಮತ್ತೆ ಹುಟ್ಟುತ್ತಾನೆ. ದೊರೆಗಳ ಕಣಿವೆಯಲ್ಲಿರುವ ಆರನೇ ರಾಮ್ಸೆಸ್‌ನ ಸಮಾಧಿಯ ಚಾವಣಿಯಲ್ಲಿ ಇದನ್ನು ವಿಸ್ತಾರವಾಗಿ ಬರೆದಿದ್ದಾರೆ. ಕಿತ್ತಳೆ ಬಣ್ಣದ ಚೆಂಡೊಂದನ್ನು ಹಗಲಲ್ಲಿ ಸೀರೆಯ ಕೆಳಗೆ ಪೂರ್ವದಿಂದ ಪಶ್ಚಿಮಕ್ಕೂ, ರಾತ್ರಿ ಸೀರೆಯ ಮೇಲೆ ಪಶ್ಚಿಮದಿಂದ ಪೂರ್ವಕ್ಕೂ ಸಾಗಿಸಿ. ದಿಕ್ಕು ತಪ್ಪಿದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿಬಿಡುತ್ತಾನೆ, ಹಾಗಾಗಿ ಮೊದಲೇ ಗೋಡೆಗೆ "ಪೂರ್ವ" ಎಂದು ಚೀಟಿ ಅಂಟಿಸಿಡಿ.

ನುತ್‌ಳ ಮಕ್ಕಳು ಒಸಿರಿಸ್, ಐಸಿಸ್, ಸೆಥ್, ನೆಫ್ತಿಸ್. ಆತುಮ್‌ನಿಂದ ಲೆಕ್ಕ ಹಾಕಿದರೆ ಒಂಬತ್ತಾಯಿತು. ಅವರ ಹುಟ್ಟಿನ ಬಗ್ಗೆ ಮಕ್ಕಳು ಮರೆಯದ ಕಥೆಯೊಂದಿದೆ. ವರ್ಷದ ಯಾವ ತಿಂಗಳಲ್ಲೂ ಹೆರಬಾರದೆಂದು ಸೂರ್ಯ ನುತ್‌ಗೆ ಶಾಪ ಕೊಟ್ಟ, ಥೋಥ್ ಎಂಬ ದೇವರು ಚಂದ್ರನೊಡನೆ ಕಾಯಿ ಆಟವಾಡಿ ಚಂದ್ರನ ಬೆಳಕಿನ 70ರಲ್ಲೊಂದು ಪಾಲನ್ನು ಗೆದ್ದು ಐದು ದಿನ ಮಾಡಿದ, ಆ ಐದು ದಿನಗಳಲ್ಲಿ ಮಕ್ಕಳು ಹುಟ್ಟಿದರು. ಇದನ್ನು ಹೇಳಿ, ಆದರೆ ಹೀಗೆ ಬರೆದವನು ಕ್ರಿ.ಶ. 100ರ ಸುಮಾರಿನ ಗ್ರೀಕ್ ಲೇಖಕ ಪ್ಲುಟಾರ್ಕ್ ಎಂದೂ ಹೇಳಿ. ಈಜಿಪ್ಟಿನ ಪಂಚಾಂಗ ಮಾತ್ರ ಅಪ್ಪಟ ಅಲ್ಲಿಯದೇ: 30 ದಿನಗಳ 12 ತಿಂಗಳು, ಮೇಲೆ ಐದು ದಿನ. ಪ್ಲುಟಾರ್ಕ್‌ನ ಪಟ್ಟಿಯಲ್ಲಿ ಈ ನಾಲ್ವರಲ್ಲದೆ ಹಿರಿಯ ಹೋರಸ್ ಕೂಡ ಇದ್ದಾನೆ, ಅವನು ಹೀಲಿಯೊಪೊಲಿಸಿನ ಒಂಬತ್ತರಲ್ಲಿ ಇಲ್ಲ. ಆರನೇ ತರಗತಿಯವರಿಂದ 360ನ್ನು 70ರಿಂದ ಭಾಗಿಸಿ ನೋಡಿ. ಐದು ಬಂದು ಹತ್ತು ಉಳಿಯುತ್ತದೆ. 72ರಿಂದ ಭಾಗಿಸಿದರೆ ಸರಿಯಾಗಿ ಐದು. ಈಚಿನ ಕೆಲವು ಮರುಕಥನಗಳಲ್ಲಿ 72 ಎಂದಿರುವುದಕ್ಕೆ ಈ ಲೆಕ್ಕವೇ ಕಾರಣವಿರಬಹುದು.

ಮೂರನೇ ವಾರದಲ್ಲಿ ಪ್ತಾಹ್‌ಗೆ ಹತ್ತು ನಿಮಿಷ ಸಾಕು. ಅವನು ಹೃದಯದಲ್ಲಿ ನೆನೆದು ನಾಲಿಗೆಯಿಂದ ಹೆಸರು ಹೇಳಿದ, ಹೇಳಿದ್ದೆಲ್ಲ ಉಂಟಾಯಿತು. ಒಂದು ಮಗು ಕಣ್ಣು ಮುಚ್ಚಿ ಪ್ರಾಣಿಯೊಂದನ್ನು ನೆನೆದು ಹೆಸರು ಹೇಳಲಿ, ಹೇಳಿದ ಮೇಲಷ್ಟೇ ಇನ್ನೊಂದು ಮಗು ಬೋರ್ಡಿನ ಮೇಲೆ ಬರೆಯಲಿ. ಈ ಕಥೆ ಉಳಿದಿರುವುದು ಸುಮಾರು ಕ್ರಿ.ಪೂ. 710ರಲ್ಲಿ ದೊರೆ ಶಬಾಕ ಕೆತ್ತಿಸಿದ ಒಂದೇ ಕಲ್ಲಿನಲ್ಲಿ. ಹುಳು ತಿಂದ ಹಳೆಯ ಬರಹದಿಂದ ನಕಲು ಮಾಡಿಸಿದೆ ಎಂದು ದೊರೆ ಹೇಳಿಕೊಂಡಿದ್ದಾನೆ. ಆ ಕಲ್ಲಿನ ನಡುವೆ ತೂತು, ಸುತ್ತ ಗೀರುಗಳಿವೆ. ಆಮೇಲೆ ಯಾರೋ ಅದನ್ನು ಬೀಸುಕಲ್ಲಾಗಿ ಬಳಸಿ ಅಕ್ಷರ ಸವೆಸಿದ್ದಾರೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಫೋಟೋ ತೋರಿಸಿದರೆ ಮಕ್ಕಳಿಗೆ ಕಥೆಗಿಂತ ಈ ಕಲ್ಲೇ ಹೆಚ್ಚು ಹಿಡಿಸುವುದುಂಟು.

ಖ್ನೂಮ್‌ಗೆ ಉಳಿದ ಹೊತ್ತು ಕೊಡಿ. ಟಗರಿನ ತಲೆಯ ಈ ದೇವರು ಕುಂಬಾರನ ಚಕ್ರದ ಮೇಲೆ ಮನುಷ್ಯರನ್ನು ಮಣ್ಣಿನಿಂದ ಮಾಡುತ್ತಾನೆ. ದೇರ್ ಎಲ್-ಬಹ್ರಿಯಲ್ಲಿ ಹತ್ಶೆಪ್ಸುತ್ ಎಂಬ ರಾಣಿ-ದೊರೆಯ ದೇವಸ್ಥಾನದಲ್ಲಿ ಅವನು ಒಂದೇ ಥರದ ಎರಡು ಮಕ್ಕಳನ್ನು ತಿದ್ದುತ್ತಿದ್ದಾನೆ. ಒಂದು ಹತ್ಶೆಪ್ಸುತ್, ಇನ್ನೊಂದು ಅವಳ ಕಾ, ಅಂದರೆ ಅವಳೊಡನೆ ಹುಟ್ಟುವ ಜೀವಶಕ್ತಿ. ಪ್ರತಿ ಮಗುವಿಗೆ ನಿಂಬೆ ಗಾತ್ರದ ಎರಡು ಮಣ್ಣುಂಡೆ ಕೊಟ್ಟು ಜೋಡಿ ಗೊಂಬೆ ಮಾಡಿಸಿ. ಕಾ ಅಂದರೆ ನೆರಳೂ ಅಲ್ಲ, ದೆವ್ವವೂ ಅಲ್ಲ ಎಂದು ಮೊದಲೇ ಹೇಳಿಬಿಡಿ. ಹರ್ಮೊಪೊಲಿಸಿನ ಎಂಟು ದೇವತೆಗಳನ್ನು ಪಿನ್ನು ಚುಚ್ಚಿ ಪರಿಚಯಿಸಿ ಮುಂದೆ ಹೋಗಿ: ನೀರು, ಅನಂತ, ಕತ್ತಲೆ, ಗುಪ್ತ ಎಂಬ ನಾಲ್ಕು ಗುಣಗಳ ನಾಲ್ಕು ಜೋಡಿ, ಗಂಡುಗಳಿಗೆ ಕಪ್ಪೆಯ ತಲೆ, ಹೆಣ್ಣುಗಳಿಗೆ ಹಾವಿನ ತಲೆ. ಎಂಟೂ ಹೆಸರು ಬಾಯಿಪಾಠ ಮಾಡಿಸಬೇಡಿ, ಹಳೆಯ ಪಟ್ಟಿಗಳಲ್ಲೇ ಹೆಸರು ಬದಲಾಗುತ್ತವೆ.

ಮನುಷ್ಯರು ಎಲ್ಲಿಂದ ಬಂದರು ಎಂಬುದಕ್ಕೆ ಖ್ನೂಮ್‌ನ ಮಣ್ಣಲ್ಲದೆ ಇನ್ನೊಂದು ಉತ್ತರವಿದೆ. ಸೃಷ್ಟಿಕರ್ತನ ಕಣ್ಣೀರಿನಿಂದ. ಶವಪೆಟ್ಟಿಗೆ ಪಠ್ಯಗಳ 1130ನೇ ಮಂತ್ರದಲ್ಲಿ ಅವನೇ ಮಾತಾಡುತ್ತಾನೆ. ಎಲ್ಲರೂ ಉಸಿರಾಡಲೆಂದು ನಾಲ್ಕು ಗಾಳಿಗಳನ್ನು ಮಾಡಿದೆ, ಬಡವನಿಗೂ ದೊಡ್ಡವನಷ್ಟೇ ಪಾಲು ಸಿಗಲೆಂದು ನೆರೆಯನ್ನು ಮಾಡಿದೆ, ಪ್ರತಿಯೊಬ್ಬನನ್ನೂ ಇನ್ನೊಬ್ಬನಂತೆಯೇ ಮಾಡಿದೆ, ಕೆಟ್ಟದ್ದು ಮಾಡಿರೆಂದು ನಾನು ಹೇಳಲಿಲ್ಲ, ಅವರ ಹೃದಯವೇ ನನ್ನ ಮಾತು ಮೀರಿತು ಎಂಬುದು ಅದರ ತಾತ್ಪರ್ಯ. ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಈ ಮಾತನ್ನು ದಯವಿಟ್ಟು ಬಿಡಬೇಡಿ. ಮಕ್ಕಳ ಪುಸ್ತಕಗಳಲ್ಲಿ ಇದು ಸಿಗುವುದೇ ಅಪರೂಪ, ಚರ್ಚೆಗೆ ಇದರಷ್ಟು ಒಳ್ಳೆಯ ಭಾಗ ಇನ್ನೊಂದಿಲ್ಲ.

ಇನ್ನು ಬ್ರಹ್ಮನ ಹೋಲಿಕೆ. ಮಗು ಹೇಳಿದರೆ "ಹೌದು, ಎಲ್ಲಿ ಹೋಲುತ್ತದೆ ಹೇಳು" ಎಂದು ಬೋರ್ಡಿನ ಒಂದು ಮೂಲೆಯಲ್ಲಿ ಬರೆದಿಟ್ಟು, ನಾಲ್ಕನೇ ವಾರ ತೆಗೆಯಿರಿ. ಆಗ ಎರಡು ಕಾಲಂ ಮಾಡಿ: ಹೋಲುವುದು, ಹೋಲದಿರುವುದು. ಆದಿಯಲ್ಲಿ ಕತ್ತಲೆ ಮತ್ತು ನೀರು ಇತ್ತೆಂದು ಋಗ್ವೇದದ ನಾಸದೀಯ ಸೂಕ್ತವೂ ಹೇಳುತ್ತದೆ. ಹೂವಿನಿಂದ ದೇವರು ಏಳುವುದು ಎರಡೂ ಕಡೆ ಇದೆ. ಆದರೆ ಹೂವು ಬೇರೆ. ಈಜಿಪ್ಟಿನದು ನೀಲಿ ನೈದಿಲೆ, ಬೆಳಗ್ಗೆ ಅರಳಿ ಹೊತ್ತೇರಿದ ಮೇಲೆ ಮುಚ್ಚುತ್ತದೆ, ಅದಕ್ಕೇ ಅದು ಸೂರ್ಯನ ಹೂವು. 1922ರಲ್ಲಿ ತೆರೆದ ತುತನ್‌ಖಾಮುನ್‌ನ ಸಮಾಧಿಯಲ್ಲಿ ಆ ಹೂವಿನಿಂದ ಮೇಲೆದ್ದ ಬಾಲಕನ ಮರದ ತಲೆ ಸಿಕ್ಕಿದೆ. ಚಿತ್ರ ಬರೆಸುವಾಗ ಎಲೆಗಳು ನೀರಿನ ಮೇಲೆ ತೇಲುತ್ತಿರಲಿ. ತಾವರೆಯ ಹಾಗೆ ನೀರಿನಿಂದ ಎತ್ತರಕ್ಕೆ ನಿಲ್ಲಿಸಬೇಡಿ. ಭೂಮಿ ಗಂಡಾಗಿರುವುದು, ಕಣ್ಣೀರಿನ ಮನುಷ್ಯರು, ದಿಬ್ಬ, ಇವೆಲ್ಲ ಎರಡನೇ ಕಾಲಂಗೆ ಹೋಗುತ್ತವೆ. ಅಲ್ಲಿಂದ ಇಲ್ಲಿಗೆ ಬಂತು, ಇಲ್ಲಿಂದ ಅಲ್ಲಿಗೆ ಹೋಯಿತು ಎಂಬ ಮಾತಿಗೆ ಆಧಾರವಿಲ್ಲ, ಮಕ್ಕಳು ಕೇಳಿದರೆ ಹಾಗೆಂದೇ ಹೇಳಿ. "ಇದು ನಿಜಾನಾ?" ಎಂಬ ಪ್ರಶ್ನೆಗೆ ಕಟ್ಟುಕಥೆ ಎಂದು ತಳ್ಳಿಹಾಕಬೇಡಿ. ಅದು ಲಕ್ಷಾಂತರ ಜನ ಪೂಜೆ ಮಾಡಿ ಬದುಕಿದ ನಂಬಿಕೆ, ಭೂಮಿ ಹುಟ್ಟಿದ ಬಗೆಯನ್ನು ವಿಜ್ಞಾನ ಬೇರೆ ರೀತಿ ಹೇಳುತ್ತದೆ, ಎರಡನ್ನೂ ತಿಳಿಯೋಣ ಎಂದರೆ ಸಾಕು.

ಅದೇ ದಿನ ಐದು ಮೀಟರ್ ಹಗ್ಗ ಗೋಡೆಗೆ ಕಟ್ಟಿ. ಒಂದು ಮೀಟರಿಗೆ ಸಾವಿರ ವರ್ಷ. ಇವತ್ತಿನಿಂದ ಹಿಂದಕ್ಕೆ 4.4 ಮೀಟರಿನಲ್ಲಿ ಉನಾಸ್, 2.7ರಲ್ಲಿ ಶಬಾಕನ ಕಲ್ಲು, 1.9ರಲ್ಲಿ ಪ್ಲುಟಾರ್ಕ್. ಪ್ಲುಟಾರ್ಕ್‌ನಿಂದ ಉನಾಸನಿಗೆ ಇರುವ ದೂರ, ನಮ್ಮಿಂದ ಪ್ಲುಟಾರ್ಕ್‌ಗೆ ಇರುವುದಕ್ಕಿಂತ ಹೆಚ್ಚು ಎಂದು ಮಕ್ಕಳೇ ಟೇಪಿನಲ್ಲಿ ಅಳೆದು ನೋಡಲಿ.

ಕೊನೆಗೆ ಹೆಸರುಗಳ ಪರೀಕ್ಷೆ ಬೇಡ. ಟ್ರೇ, ಸೀರೆ, ಚೆಂಡು ಮುಂದಿಟ್ಟು ನಾಲ್ವರ ಗುಂಪು ಐದು ನಿಮಿಷದಲ್ಲಿ ಕಥೆ ತಿರುಗಿ ಹೇಳಲಿ. ನೀರು, ದಿಬ್ಬ, ಗಾಳಿ, ಭೂಮಿ-ಆಕಾಶ ಬೇರೆಯಾದದ್ದು ಈ ಕ್ರಮದಲ್ಲಿ ಬಂದರೆ ಅವರಿಗೆ ಕಥೆ ಸಿಕ್ಕಿದೆ. ಸೆಥ್ ತನ್ನ ಅಣ್ಣ ಒಸಿರಿಸ್‌ನನ್ನು ಕೊಂದ ಕಥೆಯನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಈ ನಾಲ್ಕು ವಾರಗಳಲ್ಲಿ ಅದನ್ನು ಹೇಳಬೇಡಿ. ಅದು ಶುರುವಾದ ಕೂಡಲೇ ಮಕ್ಕಳ ಗಮನವೆಲ್ಲ ಕೊಲೆಯ ಮೇಲೆ ಹೋಗಿ ದಿಬ್ಬವೂ ಆಕಾಶವೂ ಮರೆತುಹೋಗುತ್ತವೆ, ಅದಕ್ಕೆ ಬೇರೆಯೇ ಎರಡು ಪೀರಿಯಡ್ ಕೇಳಿಕೊಳ್ಳಿ.